ಚನಿಯನೂ ಕಲ್ಲಿನ ಸೇತುವೆಯೂ

ಮನಾಮದ ಗುದೈಬಿಯಾ ಬಡಾವಣೆಯ ಓಣಿಗಳಲ್ಲಿ ಚನಿಯ ನಡೆಯುವ ಚಂದವೇ ಬೇರೆ. ಬಾಲ್ಕನಿಗಳ ಕೆಳಗೆ ತಣ್ಣಗೆ ನೆರಳಿದ್ದರೂ ಇವನು ನಡುರಸ್ತೆಯಲ್ಲಿ, ಸುಡುಬಿಸಿಲಲ್ಲಿ. ಟ್ಯಾಕ್ಸಿಯವರು ಹಾರ್ನ್ ಹೊಡೆದು ಬೈದರೂ ಕ್ಯಾರೇ ಎನ್ನುವವನಲ್ಲ. ಇಪ್ಪತ್ತಾರು ವರ್ಷ ಬಹರೈನಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡಿ, ಲೆಕ್ಕವಿಲ್ಲದಷ್ಟು ಸ್ಲ್ಯಾಬುಗಳಿಗೆ ಆಧಾರ ಕೊಟ್ಟ ಈ ಮನುಷ್ಯನಿಗೆ ತಲೆಯ ಮೇಲೆ ಏನಿದ್ದರೂ ಎದೆ ಡವಡವ.

ಕಾರಣ ಮುದ್ದಣ್ಣ. ನಾಲ್ಕು ವರ್ಷದ ಹಿಂದೆ, ಫೋರ್‌ಮನ್ ಅವಸರ ಮಾಡಿದನೆಂದು, ಹಸಿ ಸ್ಲ್ಯಾಬಿನ ಅಡಿಗೆ ಆಧಾರವಾಗಿ ಕೊಟ್ಟ ಕಬ್ಬಿಣದ ಜಾಕುಗಳನ್ನು ಚನಿಯ ಎರಡು ದಿನ ಮೊದಲೇ ಬಿಚ್ಚಿದ. ಸ್ಲ್ಯಾಬು ಕುಸಿದು, ಕೆಳಗಿದ್ದ ಮುದ್ದಣ್ಣ ಒಂದು ಕಾಲು ಕಳೆದುಕೊಂಡು ಊರು ಸೇರಿದ. ಹನ್ನೆರಡು ವರ್ಷ ಒಂದೇ ಕೋಣೆಯಲ್ಲಿ ಉಂಡು ಮಲಗಿದ ಗೆಳೆಯ. ಆಮೇಲೆ ಚನಿಯ ಎರಡು ಸಲ ರಜೆಯಲ್ಲಿ ಊರಿಗೆ ಹೋದರೂ ಅವನ ಮನೆಯ ದಾರಿ ತುಳಿಯಲಿಲ್ಲ. ಜಾಕ್ ಬಿಚ್ಚಿದ್ದು ಯಾರೆಂದು ಹೆಂಡತಿ ಚೆನ್ನುವಿಗೂ ಹೇಳಲಿಲ್ಲ.

ಈ ಈದ್ ರಜೆಗೆ, ಮನಾಮದಲ್ಲಿ ನರ್ಸ್ ಆಗಿರುವ ಮಗಳು ನಿಶ್ಮಿತಾ ಅಪ್ಪನನ್ನೂ, ವಿಸಿಟ್ ವೀಸಾದಲ್ಲಿ ಬಂದಿದ್ದ ಅಮ್ಮನನ್ನೂ ಜೋರ್ಡಾನಿಗೆ ಕರೆದೊಯ್ದಳು. ವಾದಿ ರಮ್ ಮರುಭೂಮಿಯಲ್ಲಿ, ಎರಡು ಬಂಡೆಗಳ ನಡುವೆ, ಯಾರೂ ಕಟ್ಟದ ಕಲ್ಲಿನ ಸೇತುವೆ. ಚೆನ್ನು ಚಪ್ಪಲಿ ಕೈಯಲ್ಲಿ ಹಿಡಿದು ಮರಳಲ್ಲಿ ಓಡಿ, ಅದರ ಅಡಿಯಲ್ಲಿ ನಿಂತೇಬಿಟ್ಟಳು.

"ಬನ್ನಿ ಮಾರ್ರೆ, ಒಂದು ಫೋಟೋ!"

"ಹೊರಗೆ ಬಾ ನೀನು! ಅದಕ್ಕೆ ಎಂತ ಆಧಾರ ಉಂಟು?"

"ನಿಮ್ಮ ಅಜ್ಜ ಹುಟ್ಟುವ ಮೊದಲೇ ನಿಂತದ್ದು ಇದು. ಈಗ ನೀವು ಬಂದು ಜಾಕ್ ಕೊಡ್ಬೇಕಾ?"

ಮಗಳು ನಕ್ಕಳು. ಚನಿಯ ನಗಲಿಲ್ಲ. ಕಲ್ಲಿನಲ್ಲಿ ಬಿರುಕು ಹುಡುಕಿದ, ಇದ್ದವು. ಆದರೆ ಹೆಂಡತಿಯೊಬ್ಬಳನ್ನೇ ಅದರ ಅಡಿಯಲ್ಲಿ ಬಿಟ್ಟು ದೂರ ನಿಲ್ಲುವುದು ಅವನಿಂದಾಗಲಿಲ್ಲ. ಹೋಗಿ ಅವಳ ತಲೆಯ ಮೇಲೆ ಅಂಗೈ ಅಡ್ಡ ಹಿಡಿದ. ಚೆನ್ನು ತಮಾಷೆ ಬಿಟ್ಟು ಅವನ ಮುಖ ನೋಡಿದಳು.

"ಅವತ್ತು ಜಾಕ್ ಬಿಚ್ಚಿದ್ದು ನಾನು," ಎಂದ.

"ಗೊತ್ತುಂಟು. ಮುದ್ದಣ್ಣನೇ ಹೇಳಿದ್ದಾರೆ. ಅವರಿಗೆ ಅದರ ಕೋಪ ಇಲ್ಲ. ಎರಡು ರಜೆಯಲ್ಲೂ ನೀವು ಬರ್ತೀರಿ ಅಂತ ಜಗಲಿಯಲ್ಲಿ ಕೂತು ಕಾದ್ರಂತೆ. ಬೇಸರ ಅದೊಂದೇ."

ಚನಿಯ ಸೇತುವೆಯ ಅಡಿಯಲ್ಲೇ ಮರಳಿನ ಮೇಲೆ ಕುಸಿದು ಕುಳಿತು, ಮಗಳ ಎದುರು ಎಂದೂ ಅಳದವನು ಬಿಕ್ಕಿಬಿಕ್ಕಿ ಅತ್ತ. ಚೆನ್ನು ಪಕ್ಕದಲ್ಲಿ ಕುಳಿತು ಅವನ ಬೆನ್ನು ಸವರಿದಳು.

ಅವರನ್ನು ಕರೆತಂದಿದ್ದ ಜೀಪು ವಾಪಸು ಹಳ್ಳಿಗೆ ಬಂದು ಸಿಗ್ನಲ್ ಸಿಕ್ಕಿದ್ದೇ ತಡ, ಅವಳೇ ನಂಬರ್ ಒತ್ತಿ ಫೋನನ್ನು ಗಂಡನ ಕೈಗಿಟ್ಟಳು. "ಮುದ್ದಣ್ಣಾ, ನಾನು..." ಎಂದ.

"ಚನಿಯನಾ?" ಆ ಕಡೆಯಿಂದ ಮುದ್ದಣ್ಣನ ಸ್ವರ. "ಎಂತದು ಮಾರಾಯ, ನೀನು ಫೋನ್ ಮಾಡ್ಲಿಕ್ಕೆ ನನ್ನ ಇನ್ನೊಂದು ಕಾಲೂ ಹೋಗ್ಬೇಕಿತ್ತಾ?"