ಓಮ ಹಾಕಿದ ಬಿಯರು

ಈಗೀಗ ನನಗೆ ನಿದ್ದೆ ಸರಿಯಾಗಿ ಬರುವುದಿಲ್ಲ. ಬರದಿದ್ದರೆ ಬೇಡ ಎಂದು ನಾನು ಬಿಟ್ಟುಬಿಟ್ಟಿದ್ದೆ. ಇಷ್ಟು ವರ್ಷ ದಿನಾ ಬಂದು ಹೋಗಿ ಅದಕ್ಕೂ ಬೇಸರ ಬಂದಿರಬೇಕು. ಆದರೆ ಹೆಂಡತಿ ಬಿಡಬೇಕಲ್ಲ. ಪೇಟೆಯ ಮೆಡಿಕಲ್ಲಿನವನ ಮಾತು ಕೇಳಿ ಒಂದು ಸಂಜೆ ಜಲಜ ಏನೋ ರಟ್ಟಿನ ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ನಿದ್ದೆ ಬರಿಸುವ ಚಹಾ ಅಂತೆ. ಚಹಾ ಕುಡಿದರೆ ನಿದ್ದೆ ಹೋಗುತ್ತದೆ ಎಂದು ಕೇಳಿ ಬೆಳೆದವನಿಗೆ ಇದೂ ಒಂದು ನೋಡಲು ಬಾಕಿ ಇತ್ತು. ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಮೊದಲು ಒಣಹುಲ್ಲಿನ ವಾಸನೆ ಬಂತು, ಅದರ ಹಿಂದೆಯೇ ಗಂಟಲಲ್ಲಿ ಹಿಡಿದುಕೊಳ್ಳುವ ಒಂದು ಕಹಿ. ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದೆ. ಹಾಪ್ಸ್ ಎಂದಿತ್ತು.

ನೀವು ಬಿಯರು ಕುಡಿಯುವವರಾದರೆ ಹಾಪ್ಸ್ ನಿಮ್ಮ ನಾಲಿಗೆಗೆ ಗೊತ್ತಿರುತ್ತದೆ, ಹೆಸರು ಗೊತ್ತಿಲ್ಲದಿದ್ದರೂ ಸರಿ. ತಂಪು ದೇಶದ ಒಂದು ಬಳ್ಳಿಯ ಹೂ ಅದು. ಬಿಯರಿನ ಕಹಿ, ಘಮ ಎರಡೂ ಅದರದ್ದೇ. ಕುಡಿಯದವರಾದರೆ ಬೇಸರ ಮಾಡಿಕೊಳ್ಳಬೇಡಿ. ಈ ಬರಹದಲ್ಲಿ ಬಿಯರು ಕುಡಿದು ಸುಖಪಟ್ಟವರು ಯಾರೂ ಇಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ನಾನು ಮಸ್ಕತ್ತಿನ ದಾರ್ಸೈಟಿನಲ್ಲಿ ಸಿರಿಲ್ ಪೊರ್ಬುಗಳ ಜೊತೆ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆ. ತುಳುವಿನಲ್ಲಿ ನಾವು ಕ್ರಿಸ್ತುವರನ್ನು ಗೌರವದಿಂದ ಪೊರ್ಬು, ಅವರ ಹೆಂಗಸರನ್ನು ಬಾಯಿ, ಬಾಯಮ್ಮ ಎನ್ನುವುದು. ಅವರು ಉಡುಪಿ ಕಡೆಯವರು, ಮನೆಮಾತು ಕೊಂಕಣಿ. ನನ್ನ ಹತ್ತಿರ ತುಳುವಿನಲ್ಲಿ ಬೈಯುತ್ತಿದ್ದರು, ಏಸುವಿನ ಹತ್ತಿರ ಕೊಂಕಣಿಯಲ್ಲಿ ಬೇಡುತ್ತಿದ್ದರು. ಕಟ್ಟಡ ಕಟ್ಟಿಸುವ ಒಂದು ಕಂಪೆನಿಯಲ್ಲಿ ಅವರು ಸ್ಟೋರ್ ಕೀಪರ್. ಫ್ಲ್ಯಾಟು ಆ ಕಂಪೆನಿಯದ್ದು. ಬೇರೊಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ನನಗೆ ಒಂದು ಕೋಣೆ ಬಿಟ್ಟುಕೊಟ್ಟದ್ದು ಅವರ ದೊಡ್ಡಮನಸ್ಸು. ನನಗಿಂತ ಹತ್ತು ವರ್ಷ ದೊಡ್ಡವರು, ನನಗಿಂತ ಒಳ್ಳೆಯ ಅಡುಗೆಯವರು. ಅವರ ಹೆಂಡತಿ ಐರಿನ್ ಬಾಯಿ ಊರಿನಲ್ಲಿದ್ದರು, ಒಬ್ಬಳು ಸಣ್ಣ ಮಗಳ ಜೊತೆ. ಎರಡು ವರ್ಷಕ್ಕೊಮ್ಮೆ ರಜೆಯ ಮೇಲೆ ಹೋದಾಗ ಆ ಮಗು ಇವರನ್ನು ನೋಡಿ ಬಾಗಿಲಿನ ಹಿಂದೆ ಅಡಗುತ್ತಿತ್ತಂತೆ. ಅದನ್ನು ಅವರು ನಗುನಗುತ್ತಾ ಹೇಳುತ್ತಿದ್ದರು.

ಹೆಂಡತಿ, ಮಗುವನ್ನು ಕರೆಸಿಕೊಳ್ಳಬೇಕಾದರೆ ಫ್ಯಾಮಿಲಿ ಸ್ಟೇಟಸ್ ಬೇಕು. ಅದಕ್ಕೆ ಹುದ್ದೆ ಒಂದು ಮೆಟ್ಟಿಲು ಮೇಲೇರಬೇಕು, ಅದಕ್ಕೆ ಮ್ಯಾನೇಜರ್ ಒಂದು ಕಾಗದ ಬರೆಯಬೇಕು. ಮ್ಯಾನೇಜರು ಗ್ರಹಾಂ ಎಂಬ ಇಂಗ್ಲಿಷಿನವನು. ಒಳ್ಳೆಯ ಮನುಷ್ಯ, ಕೇಳಿದರೆ ಬರೆಯುವವನು. ಆದರೆ ಕೇಳಬೇಕು. ನಮ್ಮ ಕಡೆಯವರು ಹೇಳಿದ ಕೆಲಸ ಮಾಡುತ್ತೇವೆ, ಕೇಳುವ ಕೆಲಸ ಮಾತ್ರ ನಮ್ಮಿಂದ ಆಗುವುದಿಲ್ಲ. ಸಿರಿಲ್ ಪೊರ್ಬುಗಳು ಆ ಕಾಗದದ ಮಾತನ್ನು ಎರಡು ವರ್ಷದಿಂದ ನಾಳೆಗೆ ದೂಡುತ್ತಾ ಇದ್ದರು.

ಗ್ರಹಾಂನಿಗೆ ಮನೆಯಲ್ಲೇ ಬಿಯರು ಮಾಡುವ ಹುಚ್ಚು. ರಜೆಗೆ ಹೋಗಿ ಬರುವಾಗ ಕಿಟ್ ಎಂದು ತರುತ್ತಿದ್ದ. ಒಂದು ಡಬ್ಬಿಯಲ್ಲಿ ಜೋನಿಬೆಲ್ಲದ ಹಾಗಿನ ಕಪ್ಪು ಪಾಕ, ಜೊತೆಗೆ ಒಂದು ಪೊಟ್ಟಣ ಹುಳಿಬರಿಸುವ ಪುಡಿ. ಪಾಕಕ್ಕೆ ನೀರು, ಸಕ್ಕರೆ ಸೇರಿಸಿ, ಪುಡಿ ಉದುರಿಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಟ್ಟರೆ ಹತ್ತು ದಿನದಲ್ಲಿ ಅದು ತನ್ನಷ್ಟಕ್ಕೆ ಬಿಯರು ಆಗುತ್ತದೆ. ಇದು ಕಾನೂನಿಗೆ ಸರಿಯೋ ಎಂದು ಕೇಳಬೇಡಿ, ನಾವೂ ಯಾರನ್ನೂ ಕೇಳಲಿಲ್ಲ. ಒಂದು ಕಿಟ್ಟನ್ನು ಗ್ರಹಾಂ ಪೊರ್ಬುಗಳಿಗೆ ಕೊಟ್ಟ. ಮಸ್ಕತ್ತಿನ ಸೆಕೆಗೆ ಡ್ರಮ್ಮು ಕೆಡುತ್ತದೆ ಎಂದು ಅದು ನನ್ನ ಕೋಣೆಯ ಏಸಿಯ ಕೆಳಗೆ ಬಂತು, ನಾನು ಹಾಲಿನ ಫ್ಯಾನಿನ ಕೆಳಗೆ ಹೋದೆ. ಅಷ್ಟು ಮರ್ಯಾದೆ ಪಡೆದ ಬಿಯರು ಕೊನೆಗೆ ಸಾಬೂನು ನೀರಿನ ಹಾಗಿತ್ತು. ಇಬ್ಬರೂ ಕುಡಿದೆವು, ಏಕೆಂದರೆ ಚೆಲ್ಲುವ ಧೈರ್ಯ ಇಬ್ಬರಿಗೂ ಇರಲಿಲ್ಲ.

“ಕಿಟ್ಟಿನದ್ದು ಅಷ್ಟೇ ಅಂತೆ ಮಾರಾಯಾ,” ಎಂದರು ಪೊರ್ಬುಗಳು ಮರುದಿನ ಆಫೀಸಿನಿಂದ ಬಂದು. “ಅದಕ್ಕೆ ಮೇಲಿಂದ ಹಾಪ್ಸ್ ಹಾಕ್ಬೇಕಂತೆ. ಗ್ರಹಾಂ ಸರ್ ಕೊಟ್ಟಿದ್ದಾರೆ, ನೋಡು.”

ಕಾಗದದ ಪೊಟ್ಟಣದಲ್ಲಿ ಒಣಗಿದ ಹಸಿರು ಹೂಗಳು. ಮುಟ್ಟಿದರೆ ಪುಡಿಯಾಗುವಷ್ಟು ಹಗುರ. ಜೊತೆಗೆ ಇನ್ನೊಂದು ಕಿಟ್ ಸಹ ಬಂದಿತ್ತು. ಈ ಸಲದ್ದು ಒಳ್ಳೆಯದಾದರೆ ಒಂದು ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬಂದು ತಾನೇ ರುಚಿ ನೋಡುತ್ತೇನೆ ಎಂದು ಗ್ರಹಾಂ ಹೇಳಿದ್ದನಂತೆ.

“ಅವತ್ತು ಕೇಳಿಬಿಡ್ತೇನೆ,” ಎಂದರು ಪೊರ್ಬುಗಳು. “ಒಂದು ಗ್ಲಾಸು ಹೊಟ್ಟೆಗೆ ಹೋದ ಮೇಲೆ ಕೇಳಿದ್ರೆ ಕಾಗದ ಖಂಡಿತ.”

ನಾನು ಆಗಲಿ ಎಂದೆ. ನಿಮ್ಮಲ್ಲಿ ಸುಳ್ಳು ಯಾಕೆ ಹೇಳಬೇಕು, ಒಳಗೊಳಗೆ ನನಗೆ ಅದು ಬೇಡವಾಗಿತ್ತು. ಐರಿನ್ ಬಾಯಿ ಬಂದರೆ ನನ್ನ ಕೋಣೆ ಹೋಯಿತು, ಅವರ ಕೈಯ ಮೀನುಸಾರು ಹೋಯಿತು. ಪುನಃ ಆರು ಜನರ ರೂಮಿನಲ್ಲಿ ಬಚ್ಚಲಿಗೆ ಸಾಲು ನಿಲ್ಲಬೇಕು. ಒಬ್ಬ ಮನುಷ್ಯನಿಗೆ ಹೆಂಡತಿ ಸಿಗುವ ಹೊತ್ತಿನಲ್ಲಿ ನಾನು ಬಚ್ಚಲಿನ ಲೆಕ್ಕ ಹಾಕುತ್ತಿದ್ದೆ. ಗಲ್ಫು ಮನುಷ್ಯನನ್ನು ಹಾಗೆ ಮಾಡುತ್ತದೆ ಎಂದು ಹೇಳಿ ಜಾರಿಕೊಳ್ಳಬಹುದು. ಆದರೆ ನಾನು ಅಲ್ಲಿಗೆ ಹೋಗುವ ಮೊದಲೂ ಹಾಗೇ ಇದ್ದೆನೋ ಏನೋ.

ಎರಡನೆಯ ಡ್ರಮ್ಮು ಹೂಡುವ ದಿನವೇ ಪೊರ್ಬುಗಳನ್ನು ಕಂಪೆನಿ ದೂರದ ನಿಜ್ವಾದ ಸೈಟಿಗೆ ಕಳಿಸಿತು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು, “ಹೂವನ್ನು ಒಂದು ಹತ್ತು ನಿಮಿಷ ಕುದಿಸು, ಸೋಸಿ ಡ್ರಮ್ಮಿಗೆ ಹಾಕು, ಖಲಾಸ್. ಬೇರೆ ಎಂಥದೂ ಮಾಡ್ಬೇಡ.”

ಹತ್ತು ನಿಮಿಷ ಕುದಿಸಿ ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಅಯ್ಯೋ, ಆ ಕಹಿ. ಅದು ನನಗೆ ಹೊಸ ಕಹಿಯಾಗಿರಲಿಲ್ಲ. ಮಳೆಗಾಲದ ಆಟಿ ಅಮಾವಾಸ್ಯೆಯ ಬೆಳಿಗ್ಗೆ ನಮ್ಮಲ್ಲಿ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ ಕಷಾಯ ಕುಡಿಸುತ್ತಾರೆ. ವರ್ಷದ ರೋಗವೆಲ್ಲ ಹೋಗುತ್ತದೆ ಎಂದು. ಬರೀ ಕೆತ್ತೆಯ ರಸ ಒಳಗೆ ಹೋದರೆ ಹೊಟ್ಟೆ ಕೆಡುತ್ತದೆ. ಅದಕ್ಕೆ ನನ್ನಮ್ಮ ಬೆಳ್ಳುಳ್ಳಿ, ಓಮ, ಕಾಳುಮೆಣಸು ಅರೆದು ಹಾಕಿ, ಒಲೆಯಲ್ಲಿ ಕಾಯಿಸಿದ ಬಿಳಿಕಲ್ಲನ್ನು ಚೊಂಯ್ ಎಂದು ಅದರಲ್ಲಿ ಮುಳುಗಿಸುತ್ತಿದ್ದರು. ಅದೇ ಅದರ ಒಗ್ಗರಣೆ. ಹಾಗೆ ಮಾಡದ ಕಹಿಯನ್ನು ಅತಿಥಿಗೆ ಕೊಟ್ಟರೆ, ಅವನ ಹೊಟ್ಟೆ ಕೆಟ್ಟರೆ, ಪೊರ್ಬುಗಳ ಕಾಗದದ ಗತಿ ಏನು? ನನಗೆ ನಿಜವಾಗಿ ಕಾಳಜಿಯೇ ಆಯಿತು. ಕಹಿಯನ್ನು ಬತ್ತಿಸಿದಷ್ಟು ಗುಣ ಜಾಸ್ತಿ ಎಂದು ನಾಲ್ಕು ಪಾಲು ಒಂದು ಪಾಲಿಗೆ ಇಳಿಯುವ ತನಕ ಕುದಿಸಿದೆ. ಎಂಟು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಓಮ, ಮೆಣಸು. ಕಲ್ಲಿಗೆ ಒಮಾನಿನಲ್ಲಿ ಬರಗಾಲವೇ, ಮನೆಯ ಹಿಂದಿನ ಗುಡ್ಡವೇ ಕಲ್ಲು. ಬಿಳಿಯದ್ದು ಒಂದು ಹುಡುಕಿ ತಂದು ತೊಳೆದು, ಗ್ಯಾಸಿನ ಮೇಲೆ ಕೆಂಪಗೆ ಕಾಯಿಸಿ ಮುಳುಗಿಸಿದೆ. ಅಡುಗೆಮನೆಯಲ್ಲಿ ಆಟಿ ಅಮಾವಾಸ್ಯೆ ಬಂದ ಹಾಗಾಯಿತು. ಸೋಸಿ ಡ್ರಮ್ಮಿಗೆ ಸುರಿದು ಕೈತೊಳೆದ ಮೇಲೆಯೇ ನನಗೆ ಅವರ ಕೊನೆಯ ಮಾತು ನೆನಪಾದದ್ದು.

ಮೂರನೆಯ ದಿನ ನಿಜ್ವಾದಿಂದ ಬಂದ ಪೊರ್ಬುಗಳು ಚಪ್ಪಲಿ ಬಿಡುವ ಮೊದಲೇ ಕೇಳಿದರು, “ಎಂಥದು ಬೆಳ್ಳುಳ್ಳಿ ಪರಿಮಳ?”

“ಕೆಳಗಿನ ಮನೆಯವರದ್ದು,” ಎಂದೆ.

ಅವರು ನನ್ನ ಮುಖ ನೋಡಿದರು. ಮತ್ತೆ ಏನೂ ಕೇಳಲಿಲ್ಲ. ಹತ್ತು ದಿನಕ್ಕೆ ಬಾಟ್ಲಿಗಳಿಗೆ ತುಂಬಿಸಿ ಮುಚ್ಚಳ ಒತ್ತಿದೆವು. ಮತ್ತೆರಡು ವಾರ ಅದು ಮಂಚದ ಅಡಿಯಲ್ಲಿತ್ತು, ನನ್ನ ಸುಳ್ಳಿನ ಜೊತೆ.

ಆ ಶುಕ್ರವಾರ ಬೆಳಿಗ್ಗೆಯೇ ಪೊರ್ಬುಗಳು ಮತ್ರಾದ ಮೀನು ಮಾರ್ಕೆಟಿಗೆ ಹೋಗಿ ಅಂಜಲ್ ತಂದರು. ಇಡ್ಲಿಯ ಹಾಗಿನ ಸನ್ನ ಬೇಯಿಸಿದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಗ್ರಹಾಂ ಬಂದು ಕೂತ, ಮೊದಲ ಗ್ಲಾಸು ತುಂಬಿತು. ಬಣ್ಣ ಚೆನ್ನಾಗಿಯೇ ಇತ್ತು, ನೊರೆಯೂ ಇತ್ತು. ಅವನು ಒಂದು ಗುಟುಕು ಕುಡಿದು ಕಿಟಕಿಯ ಹೊರಗೆ ನೋಡಿದ. ಸ್ವಲ್ಪ ಹೊತ್ತಿನ ಮೇಲೆ, “ಇಂಟರೆಸ್ಟಿಂಗ್,” ಎಂದ. ನಮ್ಮಲ್ಲಿ ಹೆಣ್ಣು ನೋಡಿ ಬಂದವರು ‘ಹುಡುಗಿ ಪಾಪ’ ಎನ್ನುತ್ತಾರಲ್ಲ, ಅದೇ ಧಾಟಿ. ಆದರೂ ಪುಣ್ಯಾತ್ಮ ಗ್ಲಾಸು ಖಾಲಿ ಮಾಡಿದ. ಊಟದ ನಡುವೆ ತಾನಾಗಿಯೇ ಕೇಳಿದ, ಊರಿನಲ್ಲಿ ನಿನ್ನ ಹೆಂಡತಿ, ಮಗಳು ಹೇಗಿದ್ದಾರೆ ಸಿರಿಲ್, ಎಂದು.

ಇದಕ್ಕಿಂತ ಅಗಲದ ಬಾಗಿಲು ಯಾರು ತೆರೆದು ಕೊಡುತ್ತಾರೆ ಹೇಳಿ.

“ಫೈನ್ ಸರ್,” ಎಂದರು ಪೊರ್ಬುಗಳು, ಮೀನು ತರಲು ಅಡುಗೆಮನೆಗೆ ಹೋದರು.

ಅಷ್ಟೇ. ಬಿಯರಿನ ನಾಚಿಕೆಗೆ ಅವರ ಬಾಯಿ ಕಟ್ಟಿತು ಎಂದು ನನಗೆ ಸ್ಪಷ್ಟವಾಗಿ ಕಂಡಿತು. ಎರಡು ತಿಂಗಳಲ್ಲಿ ಗ್ರಹಾಂ ಬೇರೆ ದೇಶಕ್ಕೆ ಹೋದ. ನಂತರ ಬಂದವನು ಸ್ಟೋರಿನ ಕಡೆ ತಲೆ ಹಾಕುವವನಲ್ಲ. ಫ್ಯಾಮಿಲಿ ಸ್ಟೇಟಸ್ ಸಿಕ್ಕಿದ್ದು ಐದು ವರ್ಷದ ಮೇಲೆ. ಆಗ ಮಗಳಿಗೆ ಶಾಲೆ ಬಿಡಿಸುವ ಹಾಗಿಲ್ಲ ಎಂದು ತಾಯಿ, ಮಗಳು ಒಂದು ಬೇಸಗೆ ರಜೆಗೆ ಬಂದು ಹೋದರು, ಅಷ್ಟೇ. ನಾನು ಅಷ್ಟರಲ್ಲಿ ಮಸ್ಕತ್ತಿನ ಆಚೆ ತುದಿಯ ಅಲ್ ಹೈಲಿಗೆ ಮನೆ ಬದಲಿಸಿದ್ದೆ. ಪೊರ್ಬುಗಳು ಸಿಕ್ಕಿದಾಗಲೆಲ್ಲ ಹೆಗಲ ಮೇಲೆ ಕೈ ಹಾಕಿ ಮಾತಾಡಿಸುವರು, ನನಗೆ ಆ ಕೈ ಭಾರವಾಗುತ್ತಿತ್ತು. ಹೇಳಬೇಕು, ಹೇಳಬೇಕು ಎಂದು ಇಡೀ ತೊಂಬತ್ತರ ದಶಕ ಕಳೆಯಿತು. ಕೊನೆಗೆ ಇಬ್ಬರೂ ಊರಿಗೆ ಬಂದೆವು. ಹೋದ ವರ್ಷ ಅವರು ತೀರಿಕೊಂಡರು. ಮೊಣಕಾಲು ನೋವು ಎಂದು ನಾನು ಮಣ್ಣಿಗೂ ಹೋಗಲಿಲ್ಲ. ಮೊಣಕಾಲು ನೋವು ಇದ್ದದ್ದು ನಿಜ, ಹೋಗದ್ದು ಅದಕ್ಕಲ್ಲ.

ಈ ಚಹಾ ಡಬ್ಬಿ ಬಂದ ಮೇಲೆ ನನಗೆ ತಡೆಯಲು ಆಗಲಿಲ್ಲ. ಮರುವಾರ ಬಸ್ಸು ಹತ್ತಿ ಉಡುಪಿಗೆ ಹೋದೆ. ಐರಿನ್ ಬಾಯಿ ಮಗಳ ಮನೆಯಲ್ಲಿದ್ದರು, ಮೊಮ್ಮಗನ ಚಡ್ಡಿಗೆ ಗುಂಡಿ ಹೊಲಿಯುತ್ತಿದ್ದರು. ಕೂತು ನೀರು ಕುಡಿದು, ಎಲ್ಲವನ್ನೂ ಹೇಳಿದೆ. ಬೆಳ್ಳುಳ್ಳಿ, ಓಮ, ಕಲ್ಲು, ಕೆಳಗಿನ ಮನೆಯವರ ಸುಳ್ಳು. ನಿಮ್ಮ ಐದು ವರ್ಷ ಹಾಳು ಮಾಡಿದವನು ನಾನು ಬಾಯಮ್ಮ, ಎಂದೆ.

ಅವರು ಸೂಜಿ ಕೆಳಗಿಟ್ಟರು. “ನೀವು ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗಿದ್ರಾ?” ಎಂದರು. “ಅವರಿಗೆ ಗೊತ್ತಿತ್ತು. ಆ ಊಟದ ಹಿಂದಿನ ಬುಧವಾರವೇ ಒಂದು ಬಾಟ್ಲಿ ತೆಗ್ದು ಕುಡಿದು ನೋಡಿದ್ರಂತೆ. ‘ನಮ್ಮ ಹುಡುಗ ಕಷಾಯ ಮಾಡಿದ್ದಾನೆ’ ಅಂತ ನನಗೆ ಬರ್ದಿದ್ರು.”

“ಗೊತ್ತಿದ್ದೂ ಅದನ್ನೇ ಯಾಕೆ ಕೊಟ್ರು?”

“ಬಿಯರು ಒಳ್ಳೆದಾಗಿದ್ರೆ ಕಾಗದ ಕೇಳ್ಬೇಕಾಗ್ತಿತ್ತಲ್ಲ.”

ಅವರು ಪುನಃ ಸೂಜಿ ಎತ್ತಿಕೊಂಡು ಮುಂದುವರಿಸಿದರು.

“ಹೆದರಿಕೆ ಮಾರಾಯ್ರೇ. ಮದುವೆಯಾಗಿ ಅಷ್ಟು ವರ್ಷ ಆದ್ರೂ ನಾವು ಒಟ್ಟಿಗೆ ಇದ್ದದ್ದು ಒಂದು ವರ್ಷ ಸಹ ಇಲ್ಲ. ‘ಈ ಎರಡು ಕೋಣೆಯೊಳಗೆ ನಾನು, ನೀನು ದಿನಾ ಎಂಥ ಮಾತಾಡುದು ಐರಿನ್’ ಅಂತ ಬರ್ದಿದ್ರು. ನನಗೆ ಸಹ ಹೆದರಿಕೆಯೇ ಇತ್ತು. ಆಗ್ಲಿ, ಮುಂದೆ ನೋಡುವ ಅಂತ ನಾನೇ ಉತ್ತರ ಬರ್ದೆ.” ಗುಂಡಿಯ ನೂಲು ಹಲ್ಲಿನಲ್ಲಿ ಕಡಿದರು. “ಹೆದರದೆ ಹೋಗಿದ್ರೆ ಆಗ್ತಿತ್ತು. ಆ ಒಂದು ಬೇಸಗೆ ರಜೆ ಒಳ್ಳೆದಿತ್ತು.”

ತಿರುಗಿ ಬರುವ ಬಸ್ಸಿನಲ್ಲಿ ನನ್ನ ಹೆಗಲು ಹಗುರವಾಗಬೇಕಿತ್ತು. ಆಗಲಿಲ್ಲ, ಇನ್ನಷ್ಟು ದಣಿವಾಯಿತು. ನಿಮಗೆ ಒಂದು ಸಂಗತಿ ಹೇಳದೆ ಬಿಟ್ಟಿದ್ದೇನೆ. ಅಲ್ ಹೈಲಿಗೆ ಹೋದ ಮೇಲೆ ನನಗೂ ಬಡ್ತಿ ಸಿಕ್ಕಿ ಫ್ಯಾಮಿಲಿ ಸ್ಟೇಟಸ್ ಬಂದಿತ್ತು. ಊರಿನಲ್ಲಿದ್ದ ಜಲಜಳನ್ನು ಕರೆಸಿಕೊಳ್ಳುವ ಅರ್ಜಿಯನ್ನೇ ನಾನು ಹಾಕಲಿಲ್ಲ. ಅವಳಿಗೆ ರೂಲ್ಸ್ ಬಿಡುವುದಿಲ್ಲ ಎಂದು ಬರೆದೆ. ಸೆಕೆ, ಬಾಡಿಗೆ, ಅಮ್ಮನ ಆರೋಗ್ಯ ಎಂದು ನನಗೆ ನಾನೇ ಹೇಳಿಕೊಂಡ ಕಾರಣಗಳು ಎಷ್ಟೋ. ಪೊರ್ಬುಗಳು ಬರೆದ ಹಾಗೆ ಒಂದು ಸಾಲು ಬರೆಯುವ ಪ್ರಾಮಾಣಿಕತೆ ನನ್ನಲ್ಲಿರಲಿಲ್ಲ.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲವನ್ನೂ ಜಲಜಳಿಗೆ ಹೇಳಿದೆ, ಅರ್ಜಿಯದ್ದೂ ಸೇರಿಸಿ. ಅವಳು ಸಾರು ಬಡಿಸುವುದನ್ನು ನಿಲ್ಲಿಸಲಿಲ್ಲ.

“ಅದು ನನಗೆ ಗೊತ್ತುಂಟು,” ಎಂದಳು. “ನಿಮ್ಮ ಆಫೀಸಿನವರ ಹೆಂಡತಿ ಯಾವಾಗ್ಲೋ ಹೇಳಿದ್ರು.”

ಅನ್ನ ಕಲಸುತ್ತಾ ಕೇಳಿದೆ, “ನಾನು ಪೂರಾ ಊರಿಗೆ ಬಂದಾಗ ನಿನಗೆ ಹೆದರಿಕೆ ಆಗಿತ್ತಾ?”

“ಮತ್ತೆ? ನೀವು ಬಂದು ಒಂದು ವರ್ಷ ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಉಂಡದ್ದು ಎಂತಕ್ಕೆ ಅಂತ ಎಣಿಸಿದ್ರಿ?”

ನನ್ನ ಹೆಂಡತಿ ಹಳೆಯ ಪದ್ಧತಿಯವಳು, ಗಂಡನ ಊಟವಾಗದೆ ಕೂರುವುದಿಲ್ಲ ಎಂದು ನಾನು ಆ ವರ್ಷ ಕಂಡಕಂಡವರಲ್ಲಿ ಹೊಗಳಿಕೊಂಡಿದ್ದೆ.

ಅವಳು ಮೇಜಿನ ಆಚೆ ತುದಿಯಲ್ಲಿ ತನ್ನ ಬಟ್ಟಲಿಟ್ಟುಕೊಂಡು ಕೂತಳು. ನಾನು ನನ್ನ ಬಟ್ಟಲು ಎತ್ತಿಕೊಂಡು ಹೋಗಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತೆ.

“ಎಂಥದು, ಉಪ್ಪು ಬೇಕಾ?” ಎಂದಳು.

“ಬೇಡ,” ಎಂದೆ.