ನಾಯಿಯ ಪಾಳಿ

ಸಿರಿಂಜುಗಳು ಕುದಿಯುತ್ತಿವೆ. ಇಂದ್ರವ್ವ ಸ್ಟೋವಿನ ಉರಿ ಸಣ್ಣ ಮಾಡಿ, ಅರ್ಧಕ್ಕೆ ಬಿಟ್ಟಿದ್ದ ಕಸಬರಿಗೆ ಎತ್ತಿಕೊಳ್ಳುತ್ತಾಳೆ. ಬೆಳಗಿನ ಆರು ಗಂಟೆ. ಬನಹಟ್ಟಿಯ ದನದ ದವಾಖಾನೆಯ ಅಂಗಳದಲ್ಲಿ ಇನ್ನೂ ಮಬ್ಬು. ಉದ್ದ ಮೂತಿಯ, ಬೆನ್ನಿಗೆ ಹತ್ತಿದ ಹೊಟ್ಟೆಯ ಮುಧೋಳ ತಳಿಯ ನಾಯಿಮರಿಯೊಂದು ಕಸಬರಿಗೆಯ ಹಿಂದೆಯೇ ಓಡುತ್ತದೆ. "ಗುಡಿಸಿದ್ದೆಲ್ಲಾ ಮತ್ತ ಹರವತೀಯಲ್ಲೋ, ಸರಿ ಅತ್ತಾಗ," ಎನ್ನುತ್ತಾಳೆ. ಮರಿ ಸರಿಯುವುದಿಲ್ಲ. ಅವಳೂ ಮತ್ತೊಮ್ಮೆ ಹೇಳುವುದಿಲ್ಲ.

ಮುಂಗಾಲು ಮುರಿದಿದ್ದ ಈ ಮರಿಯನ್ನು ಮುಧೋಳ ಕಡೆಯ ರೈತರೊಬ್ಬರು ಮೂರು ತಿಂಗಳ ಹಿಂದೆ ತಂದು, ಇನ್ನು ಇದು ಬೇಟೆಗೆ ಬಾರದೆಂದು ಇಲ್ಲೇ ಬಿಟ್ಟು ಹೋದರು. ಹಾಲು ಕುಡಿಸಿದವಳು, ಪಟ್ಟಿ ಬದಲಿಸಿದವಳು ಇಂದ್ರವ್ವ. ಈಗ ಕಾಲು ಕೂಡಿದೆ, ಅಂಗಳ ಸಾಲುತ್ತಿಲ್ಲ. ಕಟ್ಟಿದ ಎಮ್ಮೆಗಳು ಬೆದರುತ್ತವೆ. ಸೋಮವಾರದೊಳಗೆ ಒಂದು ತೀರ್ಮಾನವಾಗಲಿ ಎಂದು ಡಾಕ್ಟರು ಹೇಳಿದ್ದಾರೆ. ಅನಗವಾಡಿಯ ಗಿರಮಲ್ಲಪ್ಪ ಹೊಳೆದಂಡೆಯ ತನ್ನ ಹೊಲಕ್ಕೆ ಕೇಳಿದ್ದಾನೆ. ಆದರೆ ಮೊದಲ ಹಕ್ಕು ಇಂದ್ರವ್ವನದು, ಅವಳೇ ಒಯ್ಯುತ್ತಾಳೆ ಎಂದು ದವಾಖಾನೆಯವರೆಲ್ಲ ತಿಳಿದಿದ್ದಾರೆ. ಕೇಳಿದವರಿಗೆ ಅವಳು ನೋಡೂಣ್ರಿ ಎನ್ನುತ್ತಾಳೆ. ಮನೆಯಲ್ಲಿ ಹಾಸಲು ಗೋಣಿಚೀಲವನ್ನೂ ಒಗೆದು ಇಟ್ಟಿದ್ದಾಳೆ.

ನಲವತ್ತೆಂಟರ ಇಂದ್ರವ್ವ ಇಲ್ಲಿ ಸೇರಿ ಹದಿನಾಲ್ಕು ವರ್ಷ. ಗುಡಿಸುವುದು, ಸೂಜಿ ಕುದಿಸುವುದು, ಹೋರಿಯ ಮೂಗುದಾಣ ಹಿಡಿಯುವುದು ನೌಕರಿಯ ಕೆಲಸ. ಯಾವ ಹಾಜರಿಯಲ್ಲೂ ಇಲ್ಲದ ಕೆಲಸವೊಂದು ಶನಿವಾರ ಬರುತ್ತದೆ. ಬೆಳಗಿನ ಸಾಲೆ ಬಿಟ್ಟ ಕೂಡಲೇ ಏಳೆಂಟು ಮಕ್ಕಳು ಗೇಟಿನಲ್ಲಿ ನಿಲ್ಲುತ್ತಾರೆ. ಒಬ್ಬನಿಗೆ ನಾಯಿ ಬೇಕು, ಒಬ್ಬಳಿಗೆ ಮೊಲ, ಇನ್ನೊಬ್ಬನಿಗೆ ಗಿಳಿ. ಮಕ್ಕಳೆಲ್ಲ ಆಯಿ ಎಂದು ಕರೆಯುವ ಇಂದ್ರವ್ವ ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದಿಲ್ಲ.

"ಅದರ ಪಾಳಿ ಕುಂತು ಬಾ," ಎನ್ನುತ್ತಾಳೆ.

ಮಗ್ಗದ ಊರಿನ ಮಕ್ಕಳಿಗೆ ಪಾಳಿ ಗೊತ್ತು. ಅಪ್ಪನಿಗೆ ಹಗಲು ಪಾಳಿ, ಕಾಕಾನಿಗೆ ರಾತ್ರಿ ಪಾಳಿ. ಇಂದ್ರವ್ವನದು ಅರ್ಧ ಪಾಳಿ, ನಾಲ್ಕು ತಾಸು. ಪ್ರಾಣಿಯನ್ನು ಮನೆಯಲ್ಲಿ ಎಲ್ಲಿ ಇಡುವೆಯೋ ಅಲ್ಲಿ ನೆಲದ ಮೇಲೆ ಕೂಡಬೇಕು. ಏಳುವಂತಿಲ್ಲ, ಮಾತಾಡುವಂತಿಲ್ಲ. ಆಮೇಲೆ ಬಂದು ಏನು ಕಂಡೆ, ಏನು ಕೇಳಿದೆ ಎಂದು ಹೇಳಬೇಕು. ಮೊಲಕ್ಕೆಂದು ಮಂಚದ ಕೆಳಗೆ ಕೂತವನೊಬ್ಬ, ಅಲ್ಲಿ ಅಜ್ಜನ ಉಗುಳುವ ಡಬ್ಬಿ ಇರುವುದು ತನಗೆ ಗೊತ್ತೇ ಇರಲಿಲ್ಲವೆಂದು ಬಂದು ದೂರಿದ. ಗಿಳಿ ಬೇಕೆಂದ ಹುಡುಗ ಅರ್ಧ ತಾಸಿಗೇ ಎದ್ದುಬಿಟ್ಟ. ಆಮೇಲೆ ದವಾಖಾನೆ ಮುಂದೆ ಬಂದರೆ ಓಣಿಯ ಆಚೆ ಮಗ್ಗುಲಿಂದ ಹಾಯುತ್ತಿದ್ದ. ಇಲ್ಲಿತನಕ ನೂರೈವತ್ತು ಮಕ್ಕಳು ಕೂತಿರಬೇಕು ಎಂದು ಅವಳ ಅಂದಾಜು. ಅರ್ಧದಷ್ಟು ಮಂದಿ ಏನಾದರೊಂದನ್ನು ಮನೆಗೆ ಒಯ್ದಿದ್ದಾರೆ. ತಿರುಗಿ ತಂದವರು ಮೂವರು.

ಇದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಮುಧೋಳದ ಹತ್ತಿರದ ಹಳ್ಳಿಯಲ್ಲಿ ಅಪ್ಪ ಗೌಡರ ಬೇಟೆನಾಯಿಗಳನ್ನು ಸಾಕುತ್ತಿದ್ದ. ಹದಿನೈದಕ್ಕೆ ಬನಹಟ್ಟಿಯ ನೇಕಾರರ ಮನೆಗೆ ಮದುವೆಯಾಯಿತು. ಅಳುವುದು ನಿಲ್ಲಲೆಂದು ಅಪ್ಪ ಒಂದು ಮರಿಯನ್ನು ಜೊತೆಗೆ ಕಳಿಸಿದ. ನಾಲ್ಕು ಮಗ್ಗಗಳ ಮನೆ, ಮರಿಯನ್ನು ಕಂಬಕ್ಕೆ ಕಟ್ಟಿದರು.

"ನಮ್ಮತ್ತಿ ಹೊಡೀಲಿಲ್ಲ, ಬೈಲಿಲ್ಲ, ಹೊಟ್ಟಿ ತುಂಬ ಹಾಕಿದ್ಲು," ಎನ್ನುತ್ತಾಳೆ ಇಂದ್ರವ್ವ. "ಓಡಾಕ ಹುಟ್ಟಿದ್ದು ಕಂಬಾ ಸುತ್ತಿ ಸುತ್ತಿ, ಒಂದಿನ ಸುತ್ತೂದು ಬಿಡ್ತು. ಆಮ್ಯಾಲ ಉಣ್ಣೂದು ಬಿಡ್ತು. ನನ್ನ ಸಮಾಧಾನಕ್ಕ ಬಂದಿತ್ತು ಅದು, ತನ್ನ ಸಲುವಾಗಿ ಬಂದಿರಲಿಲ್ಲ."

ಈ ಶನಿವಾರ ಮೊದಲು ಬಂದವಳು ಹತ್ತು ವರ್ಷದ ಮಾದೇವಿ. ಅಂಗಳದ ಈ ಮರಿಯೇ ಬೇಕೆಂದು ಹದಿನೈದು ದಿನದಿಂದ ಕಾಡುತ್ತಿದ್ದಳು. ನಿನ್ನೆ ಸಂಜೆ ಮನೆಯಲ್ಲಿ ಮಗ್ಗದ ಬುಡಕ್ಕೆ ಕೂತು ಪಾಳಿ ಮುಗಿಸಿ ಬಂದಿದ್ದಾಳೆ. ಜಡೆಯಲ್ಲಿ ಇನ್ನೂ ಅರಳೆಯ ಪುಡಿ.

"ನಾಕ್ ತಾಸೂ ಎಲ್ಲಾರ ಕಾಲಷ್ಟ ಕಂಡೂರಿ ಆಯಿ," ಎನ್ನುತ್ತಾಳೆ. "ಯಾರೂ ಮಾರಿ ತೋರಸಲಿಲ್ಲ. ನಂಗ ಬೆಕ್ಕಿನ ಮರಿ ಕೊಡ್ರಿ. ಅದಾದ್ರ ಮಗ್ಗದ ಮ್ಯಾಲ ಏರಿ ಕುಂತು ಎಲ್ಲಾರ ಮಾರಿ ನೋಡತೈತಿ."

ನೂಲಿನ ಗಂಜಿಗೆ ಬರುವ ಇಲಿಗಳಿಗೂ ಅದೇ ಸರಿ ಎಂದು ಇಂದ್ರವ್ವ ಒಪ್ಪುತ್ತಾಳೆ. ಹೋಗುವ ಮುಂಚೆ ಹುಡುಗಿ ನಾಯಿಮರಿಯ ಕಿವಿ ಸವರಿ, ಇದು ಯಾರ ಮನೆಗೆ ಹೋಗುತ್ತದೆಂದು ಕೇಳುತ್ತಾಳೆ. ಆಯಿ ಮನೆಗೇ ಎಂದು ಕಂಪೌಂಡರ್ ತುಕಾರಾಮ ಒಳಗಿನಿಂದಲೇ ಹೇಳುತ್ತಾನೆ.

"ನಿಮ್ಮ ಪಾಳಿ ಆತೇನ್ರಿ ಆಯಿ?"

ಹುಡುಗಿ ಚೇಷ್ಟೆಗೆ ಕೇಳಿದ್ದಲ್ಲ. ತುಕಾರಾಮ ನಗುತ್ತಾನೆ. ಇಂದ್ರವ್ವ ಅವಳನ್ನು ಮನೆಗೆ ಕಳಿಸಿ ಸಿರಿಂಜು ಒರೆಸಲು ಕೂಡುತ್ತಾಳೆ.

ರವಿವಾರ ಮಧ್ಯಾಹ್ನ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಮುರಗೆಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಇರುವುದು ಒಂದೇ ಖೋಲಿ. ಇಂದ್ರವ್ವ ಬಾಗಿಲು ಮುಂದಕ್ಕೆಳೆದು, ಕೊಡಕ್ಕೂ ಟ್ರಂಕಿಗೂ ನಡುವೆ, ಗೋಣಿಚೀಲ ಹಾಸಬೇಕೆಂದಿದ್ದ ಮೂಲೆಯಲ್ಲಿ ಕೂಡುತ್ತಾಳೆ. ಕಾಲು ಚಾಚಿದರೆ ಟ್ರಂಕು ತಾಗುತ್ತದೆ. ಮಜ್ಜಿಗೆಗೆ ಬಂದ ನೆರೆಮನೆಯ ಭಾಗವ್ವ, ಯಾಕ ಬೇ ಹಿಂಗ ಕುಂತಿ ಎಂದು ಕೇಳುತ್ತಾಳೆ. ನಡಾ ಹಿಡದೈತಿ ಎಂದು ಇಂದ್ರವ್ವ ಎದ್ದು ಮಜ್ಜಿಗೆ ಕೊಟ್ಟು, ಪಾಳಿಯನ್ನು ಮೊದಲಿನಿಂದ ಎಣಿಸುತ್ತ ಮತ್ತೆ ಅಲ್ಲೇ ಕೂಡುತ್ತಾಳೆ. ಭಾಗವ್ವನ ಹೆಜ್ಜೆ ಓಣಿಯ ತಿರುವಿನವರೆಗೂ ಕೇಳುತ್ತದೆ. ಇನ್ನೂ ಯಾರಾದರೂ ಬಂದಾರೇನೋ ಎಂದು ತಾನು ಕಿವಿಗೊಟ್ಟು ಕಾಯುತ್ತಿರುವುದು ಅವಳ ಅರಿವಿಗೆ ಬರುತ್ತದೆ. ಬಾಗಿಲಿಗೆ ಚಿಲಕ ಹಾಕಿಲ್ಲ, ಏಳಬೇಡ ಎಂದವರಿಲ್ಲ. ಆದರೂ ನಾಲ್ಕು ತಾಸು ಕೂಡುತ್ತಾಳೆ.

ಮುರಗೆಪ್ಪ ಎದ್ದು ಚಹಾ ಕೇಳುತ್ತಾನೆ. ಮರಿಯನ್ನು ನಾಳೆಯೇ ತರುವೆಯೇನು ಎನ್ನುತ್ತಾನೆ.

"ಚಾ ಆರತೈತಿ, ಕುಡೀರಿ."

ಹಿಟ್ಟು ನಾದುತ್ತ ಅವಳು ತೀರ್ಮಾನಿಸಿ ಆಗಿದೆ. ಆ ಮೂಲೆಗೆ ಬಂದರೆ ಈ ಮರಿಯೂ ತನ್ನ ಸಮಾಧಾನಕ್ಕೇ ಬಂದಂತೆ. ನಾಳೆ ಗಿರಮಲ್ಲಪ್ಪನ ಕೈಗೆ ಹಗ್ಗ ಕೊಡುವುದು. ಯಾಕೆಂದು ಡಾಕ್ಟರಿಗೆ ಹೇಳುವುದಿಲ್ಲ, ಮನೆಯಲ್ಲೂ ಹೇಳುವುದಿಲ್ಲ. ಯಾರೂ ಇಲ್ಲದಾಗ ತಾನು ಮರಿಯನ್ನು ಕರೆಯುತ್ತಿದ್ದ ಹೆಸರನ್ನು ಗಿರಮಲ್ಲಪ್ಪನಿಗೂ ಹೇಳುವುದಿಲ್ಲ. ಅವನು ತನಗೆ ತಿಳಿದದ್ದು ಇಟ್ಟುಕೊಳ್ಳಲಿ. ಮರಿ ಎರಡು ದಿನ ತನ್ನನ್ನು ಹುಡುಕಾಡೀತು. ಆಮೇಲೆ ಓಡಲಿಕ್ಕೆ ಹತ್ತೀತು.