ತಕರಾರು ಅಕ್ಕನ ಮಂಗಳವಾರ

ಗಾಳಿ ಕಚೇರಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮೇಲಧಿಕಾರಿಯಿಂದ ಹಿಡಿದು ಕಸ ಗುಡಿಸುವಾಕೆಯವರೆಗೆ ಎಲ್ಲರಿಗೂ ಅವಳು ತಕರಾರು ಅಕ್ಕ. ಬೈಗುಳ ಅಂದುಕೊಳ್ಳಬೇಡಿ, ತಕರಾರು ತೆಗೆಯುವುದೇ ಅವಳ ಕೆಲಸ. ಊರಿನ ಹೊಗೆ ಎಲ್ಲಿಂದ ಎಷ್ಟು ಬರುತ್ತದೆಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯನ್ನು ಎಂಜಿನಿಯರುಗಳು ಕಟ್ಟುತ್ತಾರೆ. ಅದು ಹೇಳಿದ್ದು ನಿಜವೋ ಬುರುಡೆಯೋ ಎಂದು ಶಾಲೆಯ ಮಾಳಿಗೆ ಮೇಲಿನ ಅಳತೆ ಯಂತ್ರದ ಅಂಕಿಗಳ ಪಕ್ಕದಲ್ಲಿಟ್ಟು ನೋಡುವವಳು ಇವಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ತುಂಬಿರುವಾಗ, ಎತ್ತು ಹೇಗಪ್ಪಾ ಈಯಿತು ಎಂದು ಕೇಳುವುದಕ್ಕೂ ಒಬ್ಬರು ಬೇಕಲ್ಲ!

ಈ ಸಲದ ಮಾದರಿ ಕಟ್ಟಿದವಳು ಹೊಸದಾಗಿ ಸೇರಿದ ಎಂಜಿನಿಯರ್, ಬಲು ಚುರುಕಿನ ಹುಡುಗಿ. ಶಾಲೆಯ ಬಳಿಯ ಹೊಗೆಯ ಆರು ತಿಂಗಳ ಸರಾಸರಿ ಅರವತ್ತೆರಡು ಎಂದಿತ್ತು ಮಾದರಿ. ಯಂತ್ರ ಅಳೆದದ್ದು ಅರವತ್ತು. ಕಚೇರಿಯೆಲ್ಲ ಹಿರಿಹಿರಿ ಹಿಗ್ಗಿತು. ಶಾಲೆಯ ಸುತ್ತಲಿನ ಹೊಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಸ್ತ್ರಿ ಬೀದಿಯದು ಎಂದೂ ಅದು ಹೇಳಿತ್ತು. ಆ ಬೀದಿಯಲ್ಲಿ ಸಾಲಾಗಿ ಹದಿನಾಲ್ಕು ಅಂಗಡಿ, ಎಲ್ಲದರಲ್ಲೂ ಇದ್ದಿಲಿನ ಒಲೆ. ಬೀದಿಯನ್ನೇ ಊರಾಚೆಗೆ ಎತ್ತಂಗಡಿ ಮಾಡುವ ಆದೇಶ ತಯಾರಾಯಿತು. 'ಮಾದರಿ ಸರಿಯಿದೆ' ಎಂದು ತಕರಾರು ಅಕ್ಕ ರುಜು ಹಾಕುವುದೊಂದೇ ಬಾಕಿ.

ಆ ಹದಿನಾಲ್ಕರಲ್ಲಿ ಆರನೆಯದು ಅವಳ ತಮ್ಮನ ಅಂಗಡಿ.

ರುಜು ಹಾಕಿದರೆ ತಮ್ಮನ ಅನ್ನಕ್ಕೆ ಕಲ್ಲು. ಹಾಕದಿದ್ದರೆ ತಮ್ಮನ ಪರ ವಹಿಸಿದಳು ಎಂಬ ಮಾತು. ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದಳು. ಒಂದೇ ಒಂದು ಸಂಗತಿ ಹಲ್ಲಿಗೆ ಸಿಕ್ಕಿದ ನಾರಿನಂತೆ ಕಾಡಿತು. ಭಾನುವಾರ ಬಂತೆಂದರೆ ಮಾದರಿಯಲ್ಲಿ ಹೊಗೆ ದಬಕ್ಕನೆ ಇಳಿಯುತ್ತದೆ, ಯಂತ್ರದಲ್ಲಿ ಇಳಿಯುವುದಿಲ್ಲ.

"ಭಾನುವಾರ ಅಂಗಡಿ ರಜಾ ಅಲ್ವಾ ಅಕ್ಕಾ?" ಎಂದಳು ಎಂಜಿನಿಯರ್. "ಯಂತ್ರದಲ್ಲಿ ಯಾಕೆ ಇಳಿದಿಲ್ಲ ಅಂದ್ರೆ, ಆ ದಿನಗಳಲ್ಲಿ ಗಾಳಿ ಕಮ್ಮಿ ಇದ್ದು ಹೊಗೆ ಅಲ್ಲೇ ನಿಂತಿತ್ತೇನೋ."

ಇರಬಹುದು ಎಂದುಕೊಂಡರೂ ಅಕ್ಕ ರುಜು ಹಾಕದೆ ಕಡತ ಮುಚ್ಚಿಟ್ಟಳು.

ಮರುದಿನವೋ ಅದರ ಮರುದಿನವೋ, ಮಧ್ಯಾಹ್ನ ಮನೆಗೆ ಊಟಕ್ಕೆ ಹೋದಾಗ ತಮ್ಮ ಬಂದಿದ್ದ. ಅಮ್ಮ ಹೋದಾಗಿನಿಂದ ವಾರಕ್ಕೊಮ್ಮೆ ಅಕ್ಕನ ಮನೆಯಲ್ಲೇ ಅವನ ಊಟ. ಮುಖ ಸಪ್ಪಗಿತ್ತು.

"ರುಜು ಹಾಕ್ಬಿಡಕ್ಕ. ನನ್ನಿಂದ ನಿನ್ನ ಕೆಲಸಕ್ಕೆ ಸಂಚಕಾರ ಬರೋದು ಬೇಡ."

ಅವಳಿಗೆ ಅಳು ಒತ್ತರಿಸಿ ಬಂತು. ಅದನ್ನು ಮರೆಮಾಡಲು ಅವನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಒಂದಿಷ್ಟೂ ಇದ್ದಿಲಿಲ್ಲ.

"ಏನೋ, ಕೈ ಇಷ್ಟು ಬೆಳ್ಳಗಿದೆ?"

"ಮಂಗಳವಾರ ಅಲ್ವೇನೆ? ಬೀದಿಗೇ ರಜಾ. ಭಾನುವಾರ ಬಾಗಿಲು ಹಾಕಿದ್ರೆ ಸೋಮವಾರ ಊರೋರೆಲ್ಲ ಮುದುರಿದ ಅಂಗಿ ಹಾಕ್ಕೊಂಡು ಕೆಲಸಕ್ಕೆ ಹೋಗ್ಬೇಕಷ್ಟೆ!"

ಸೌಟು ಅವಳ ಕೈಯಲ್ಲೇ ನಿಂತಿತು. ಹನ್ನೊಂದು ವರ್ಷದಿಂದ ಈ ಪುಣ್ಯಾತ್ಮ ಮಂಗಳವಾರವೇ ಬರುತ್ತಿದ್ದಾನೆ, ಯಾಕೆಂದು ಅವಳು ಒಂದು ದಿನವೂ ಕೇಳಿಲ್ಲ! ದೀಪದ ಬುಡದಲ್ಲೇ ಕತ್ತಲೆ. ಕಚೇರಿಗೆ ಭಾನುವಾರ ರಜಾ, ಆದ್ದರಿಂದ ಲೋಕಕ್ಕೆಲ್ಲ ಭಾನುವಾರವೇ ರಜಾ ಎಂದು ಮಾದರಿಗೆ ಹೇಳಿಕೊಟ್ಟಿದ್ದರು.

"ನೀನು ಬಡಿಸ್ಕೊಂಡು ಉಣ್ಣೋ" ಎಂದವಳೇ ಚಪ್ಪಲಿ ಮೆಟ್ಟಿ ಓಡಿದಳು.

ಯಂತ್ರದ ಮಂಗಳವಾರಗಳನ್ನೆಲ್ಲ ಬೇರೆ ತೆಗೆದಳು. ಹದಿನಾಲ್ಕು ಒಲೆ ತಣ್ಣಗಿದ್ದ ದಿನವೂ ಹೊಗೆ ಇಳಿದದ್ದು ಹತ್ತರಲ್ಲಿ ಒಂದು ಪಾಲು. ಮತ್ತೆ ಗಂಟೆಗಂಟೆಯ ಅಂಕಿ ನೋಡಿದಳು. ಹೊಗೆ ಜಾಸ್ತಿ ಇರುವುದು ಬೆಳಗಿನ ಐದೂವರೆಯಿಂದ ಏಳು. ಇಸ್ತ್ರಿ ಬೀದಿ ಕಣ್ಣು ಬಿಡುವುದೇ ಎಂಟಕ್ಕೆ.

ಮರುದಿನ ಬೆಳಿಗ್ಗೆ ಐದೂವರೆಗೆ ಶಾಲೆಯ ಮಾಳಿಗೆ ಹತ್ತಿ ನಿಂತಳು. ಹಿಂಗೋಡೆಯ ಆಚೆ ಬಸ್ ಡಿಪೋ. ನಲವತ್ತು ಬಸ್ಸು ನಿಂತಲ್ಲೇ ಗುರುಗುಟ್ಟುತ್ತಿದ್ದವು. ಕೆಳಗಿಳಿದು ಹೋಗಿ ಒಬ್ಬ ಡ್ರೈವರನ್ನು ಕೇಳಿದಳು.

"ಎಂಜಿನ್ ಕಾಯ್ಬೇಕಲ್ಲಮ್ಮ" ಎಂದ ಅವನು ಚಹಾ ಹೀರುತ್ತಾ. "ಒಂದು ಗಂಟೆ ಚಾಲೂ ಬಿಟ್ಟಿರ್ಬೇಕು ಅಂತ ನಮ್ಮ ಹಿರಿಯರು ಹೇಳ್ಕೊಟ್ಟಿದ್ದು."

ಮಾದರಿಯಲ್ಲಿ ಬಸ್ಸಿನ ಹೊಗೆ ಶುರುವಾಗುತ್ತಿದ್ದದ್ದು ಡಿಪೋ ಗೇಟು ದಾಟಿದ ಮೇಲೆ. ಒಳಗಿನ ಹೊಗೆಯನ್ನೆಲ್ಲ ಇಸ್ತ್ರಿ ಬೀದಿಯ ಲೆಕ್ಕಕ್ಕೆ ಬರೆದು ಅದು ಸರಾಸರಿಯನ್ನು ಸರಿಮಾಡಿಕೊಂಡಿತ್ತು.

ಸಭೆಯಲ್ಲಿ ಮೇಲಧಿಕಾರಿ ಎಲ್ಲ ಕೇಳಿ ಕನ್ನಡಕ ತೆಗೆದರು. "ಅಲ್ಲಮ್ಮ, ನಿಮ್ಮ ತಮ್ಮನ ಅಂಗಡೀನೂ ಅಲ್ಲೇ ಇದೆಯಂತಲ್ಲ?"

"ಇದೆ ಸಾರ್. ಅದಕ್ಕೇ ನನ್ನ ಮಾತು ನಂಬಬೇಡಿ. ಈ ಹುಡುಗೀನೇ ರಜಾ ದಿನ ತಿದ್ದಿ, ಡಿಪೋ ಸೇರಿಸಿ ಹೊಸ ಮಾದರಿ ಕಟ್ಲಿ. ಮುಂದಿನ ತಿಂಗಳ ಯಂತ್ರದ ಅಂಕಿ ನಿಮ್ಮ ಬೀರುವಿನಲ್ಲಿ ಬೀಗ ಹಾಕಿಡಿ, ನಮ್ಮಿಬ್ಬರಿಗೂ ತೋರಿಸಬೇಡಿ. ಹಳೇ ಮಾದರಿ, ಹೊಸ ಮಾದರಿ, ಎರಡರದ್ದೂ ಉತ್ತರ ಬಂದ ಮೇಲೆ ಬೀಗ ತೆಗೀರಿ."

ಎಂಜಿನಿಯರ್ ಹುಡುಗಿಯ ಮುಖ ಕೆಂಪಾಗಿತ್ತು. ಆದರೂ ಮೊದಲು ತಲೆಯಾಡಿಸಿದವಳು ಅವಳೇ. ಆ ತಿಂಗಳು ದಿನಾ ಡಿಪೋಗೆ ಹೋಗಿ ಬಸ್ಸು ಎಣಿಸಿದಳು, ಇಸ್ತ್ರಿ ಬೀದಿಯ ಹದಿನಾಲ್ಕು ಒಲೆಯ ಮುಂದೆಯೂ ಕೂತು ಬಂದಳು.

ಬೀಗ ತೆಗೆದ ದಿನ ಹಳೆಯ ಮಾದರಿ ಒಂದೊಂದು ಭಾನುವಾರವೂ, ಒಂದೊಂದು ಮಂಗಳವಾರವೂ ಮುಗ್ಗರಿಸಿತ್ತು. ಹೊಸದರ ಗೆರೆ ಯಂತ್ರದ ಗೆರೆಯ ಬೆನ್ನು ಹಿಡಿದೇ ನಡೆದಿತ್ತು. ಹುಡುಗಿ ಅಕ್ಕನನ್ನು ತಬ್ಬಿಕೊಂಡಳು. ಎತ್ತಂಗಡಿ ಆದೇಶ ರದ್ದಾಯಿತು, ಡಿಪೋದಲ್ಲಿ ಎಂಜಿನ್ ಕಾಯಿಸುವುದು ಐದೇ ನಿಮಿಷಕ್ಕೆ ಇಳಿಯಿತು. ಆ ವಾರ ಬೆಳಗಿನ ಆರು ಗಂಟೆಯ ಅಂಕಿ ಇಳಿದದ್ದು ಕಂಡು ತಕರಾರು ಅಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ, ಮೂರು ಸಲ ಲೆಕ್ಕ ಮಾಡಿದಳು.

ಮಂಗಳವಾರ ತಮ್ಮ ಊಟಕ್ಕೆ ಬಂದ. ಬರುವಾಗಲೇ ಹುಸಿಮುನಿಸು.

"ಹತ್ತರಲ್ಲಿ ಒಂದು ಪಾಲು ಇಸ್ತ್ರಿ ಬೀದೀದು ಅಂತ ವರದೀಲಿ ಬರೆದ್ಯಂತೆ? ಒಡಹುಟ್ಟಿದೋಳಾ ನೀನು? ಅದೊಂದನ್ನ ಬಿಡಬಾರ್ದಿತ್ತಾ?"

"ಅದೊಂದನ್ನ ಬಿಟ್ಟಿದ್ರೆ ಉಳಿದ ಒಂಬತ್ತನ್ನ ಯಾರೋ ನಂಬ್ತಿದ್ರು?"

ತಮ್ಮ ಅನ್ನಕ್ಕೆ ಸಾರು ಕಲಸಿಕೊಂಡ. ಆಮೇಲೆ ತಲೆ ಎತ್ತದೆ, "ಕರೆಂಟಿನ ಇಸ್ತ್ರಿಪೆಟ್ಟಿಗೆ ತರೋಣ ಅಂತಿದೀನಿ" ಎಂದ.

"ತಾ, ಆ ಪಾಲನ್ನೂ ತೆಗೀತೀನಿ" ಎಂದಳು ಅಕ್ಕ, ಅವನಿಗೆ ಇನ್ನೊಂದು ಸೌಟು ಬಡಿಸುತ್ತಾ. "ಆದ್ರೆ ಮಾಳಿಗೆ ಮೇಲಿನ ಯಂತ್ರ ಹೇಳಿದ ಮೇಲೆ, ನೀನು ಹೇಳಿದ ಮೇಲಲ್ಲ."